ಎರಡನೆಯ ಹನಿ

ಸಕ್ಕರೆ ಸೀದ ವಾಸನೆ ಬಂದಾಗ ಹಿಲ್ಕಾ ಕ್ಯಾಮೆರಾದ ಮುಂದೆ ಬಗ್ಗಿ ನಿಂತಿದ್ದಳು. ಒಲೆಯ ಮೇಲೆ ಏನೂ ಇಟ್ಟಿಲ್ಲವೆಂದು ಖಾತ್ರಿಯಿದ್ದರೂ ಅಡುಗೆಮನೆಗೆ ಓಡಿ ನೋಡಿ ಬಂದಳು. ವಾಸನೆ ಬರುತ್ತಿದ್ದುದು ಕಾದ ಕಲ್ಲುಗಳ ಉಗಿಕೋಣೆಯಿಂದ, ಸೌನಾದಿಂದ. ಶನಿವಾರ ಸಂಜೆ ಗಂಡ ತೈಸ್ತೊ ಅಲ್ಲಿ ಬೆವರಲು ಕೂತನೆಂದರೆ ಯಾರು ಕರೆದರೂ ಏಳುವವನಲ್ಲ. ಈಗ ಅವನೇ ಸೊಂಟಕ್ಕೆ ಬಿಳಿ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಕಲ್ಲಿನ ಮೇಲೆ ನೀರು ಹಾಕ್ದೆ ಕಣೇ. ಮಿಠಾಯಿ ಅಂಗಡಿ ವಾಸನೆ ಬರ್ತಿದೆ.”

“ಯಾವ ಬಕೆಟ್ಟಿಂದು?”

“ಮುಚ್ಚಳ ಇತ್ತಲ್ಲ, ಅದು.”

ಆ ಮುಚ್ಚಳದ ಮೇಲೆ ಅವಳು ದಪ್ಪ ಅಕ್ಷರದಲ್ಲಿ ‘ಮುಟ್ಟಬೇಡ’ ಎಂದು ಬರೆದು ಅಂಟಿಸಿದ್ದಳು. ಸೌನಾಕ್ಕೆ ಹೋಗುವಾಗ ಗಂಡ ಕನ್ನಡಕ ತೆಗೆದಿಡುತ್ತಾನೆಂಬುದು ಮೂವತ್ತೆರಡು ವರ್ಷ ಜೊತೆಗಿದ್ದೂ ಅವಳಿಗೆ ಹೊಳೆದಿರಲಿಲ್ಲ.

ಗೋರಿಕಾಯಿ ಬೀಜದ ಅಂಟುಪುಡಿ, ಸಕ್ಕರೆ, ನೀರು. ಕದಡಿ, ಒಂದು ರಾತ್ರಿ ತಿಳಿಯಾಗಲು ಬಿಟ್ಟು, ಎರಡು ಸಲ ಸೋಸಿದ್ದು. ಈ ದ್ರವದ ಮೊದಲ ಹನಿ ತಟ್ಟೆಯ ನೀರಿಗೆ ಬಿದ್ದು ಕಂಬವಾಗಿ ಮೇಲೇಳಬೇಕು, ಎರಡನೆಯದು ಅದರ ನೆತ್ತಿಗೆ ಬಡಿದು ಕೊಡೆಯಾಗಿ ಅರಳಬೇಕು. ಶರತ್ಕಾಲದಿಂದ ಅವಳು ಆ ಕೊಡೆಯ ಚಿತ್ರಕ್ಕಾಗಿ ಕಾದಿದ್ದಳು. ಸೋಮವಾರ ಗ್ರಂಥಾಲಯದಲ್ಲಿ ಛಾಯಾಗ್ರಾಹಕರ ಸಂಘದ ಪ್ರದರ್ಶನ. ಗೋಡೆಯ ಮೇಲೆ ಅವಳ ಹೆಸರಿನ ಚೀಟಿ ಆಗಲೇ ಇತ್ತು, ಅದರ ಮೇಲೆ ಖಾಲಿ ಮೊಳೆ. ಪುಡಿ ಮುಗಿದಿತ್ತು, ತರಿಸಿದರೆ ಬುಧವಾರಕ್ಕೆ ಬರುವುದು.

ಅವಳು ಸೌನಾಕ್ಕೆ ಹೋದಳು. ಬಕೆಟ್ಟನ್ನು ಓರೆ ಮಾಡಿ, ತಳದಲ್ಲಿ ಉಳಿದದ್ದನ್ನೂ ಸೌಟಿಗೆ ಅಂಟಿದ್ದನ್ನೂ ಕಪ್ಪಿಗೆ ಬಸಿದಳು. ಅರ್ಧ ಕಪ್ಪು.

ತೈಸ್ತೊ ಅವಳ ಹಿಂದೆಯೇ ಬಂದು ಕ್ಯಾಮೆರಾ ಇಟ್ಟಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತ. ಹನಿ ಬಿಡುವ ನಲ್ಲಿಯನ್ನು ತಾನು ತಿರುಗಿಸಲೇ ಎಂದು ಕೇಳಿದ. ಆ ನಲ್ಲಿಯನ್ನು ಅವಳು ಯಾರ ಕೈಗೂ ಕೊಟ್ಟವಳಲ್ಲ. ಕ್ಷಣ ಹೊತ್ತು ಅವನ ಒದ್ದೆ ಕೈಗಳನ್ನು ನೋಡಿ, “ಒರೆಸ್ಕೊಂಡು ಬಾ,” ಎಂದಳು.

ದೀಪ ಆರಿಸಿದರು. ಅವನು ತಟ್ಟೆಯ ಆಚೆ ಸ್ಟೂಲಿನ ಮೇಲೆ ಕೂತ. ಹನಿಗಳು ಜೋಡಿಜೋಡಿಯಾಗಿ ಬಿದ್ದವು. ಅವಳು ಬಾಯಲ್ಲೇ ಎಣಿಸಿ ಗುಂಡಿ ಒತ್ತಿದಳು, ಬೆಳಕು ಮಿಂಚಿತು. ತಡವಾಯಿತು. ಮತ್ತೆ ಒತ್ತಿದಳು, ಮತ್ತೆ ತಡ. ಕಪ್ಪಿನಲ್ಲಿ ಬೆರಳಿನಷ್ಟು ಉಳಿಯಿತು.

“ಎಣಿಸ್ಬೇಡ ಮಾರಾಯ್ತಿ,” ಎಂದ ಕತ್ತಲಲ್ಲಿ. “ಎಣಿಸೋ ಹೊತ್ತಿಗೆ ಅದು ಬಿದ್ದಾಗಿರುತ್ತೆ. ಸುಮ್ನೆ ಕೇಳು.”

“ಸಕ್ಕರೆ ಸುಟ್ಟೋನು ಪಾಠ ಹೇಳ್ತಾನೆ,” ಎಂದಳು. ಆದರೂ ಎಣಿಸುವುದನ್ನು ಬಿಟ್ಟಳು. ಟಪ್. ಕೈ ತಾನಾಗಿಯೇ ಒತ್ತಿತು.

ಪರದೆಯ ಮೇಲೆ ಗಾಜಿನಂಥ ತೆಳು ಕೊಡೆ ಅರಳಿ ನಿಂತಿತ್ತು. ಅಂಚಿನಿಂದ ಸಿಡಿದ ಹನಿಯೊಂದರಲ್ಲಿ ಏನೋ ಬೆಳ್ಳಗಿತ್ತು. ದೊಡ್ಡದು ಮಾಡಿದಳು. ತಲೆಕೆಳಗಾಗಿ ಕೂತ ಒಂದು ಬಿಳಿ ಟವೆಲ್.

“ಊರವರ ಮುಂದೆಲ್ಲ ಹೀಗೇ ಇಡ್ತೀಯಾ?” ಎಂದು ತೈಸ್ತೊ ಕನ್ನಡಕ ಹುಡುಕಿದ.

“ಹೀಗೇ.”

ಆಮೇಲೆ ಅವಳೂ ಸೌನಾದ ಮೇಲಿನ ಹಲಗೆಯ ಮೇಲೆ ಅವನ ಪಕ್ಕ ಕೂತಳು. ಅವನು ಇನ್ನೊಂದು ಬಕೆಟ್ಟನ್ನು ಮೂಸಿ ನೋಡಿ, ಸೌಟಿನಿಂದ ಬರೀ ನೀರು ಹಾಕಿದ. ಕಲ್ಲುಗಳಿಂದ ಮತ್ತೆ ಸಿಹಿ ವಾಸನೆ ಎದ್ದಿತು. ಅವನ ಗಲ್ಲದ ತುದಿಯಲ್ಲಿ ಬೆವರಿನ ಹನಿಯೊಂದು ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಅದು ಬೀಳುವವರೆಗೂ ಹಿಲ್ಕಾ ನೋಡುತ್ತ ಕೂತಳು.