ಬನಿಯನ್ನಿನ ತೂತು

ಮಲಗಿದ್ದ ಮನುಷ್ಯನಿಗೆ ಸಿದ್ದಾರೂಢ ಕುಂಚದಿಂದ ಬಿಳಿ ಅಂಗಿ ತೊಡಿಸುತ್ತಿದ್ದ. ತನ್ನ ಕೈಯನ್ನು ಕಂಡು ಅವನಿಗೇ ಹೇಸಿಗೆಯಾಗುತ್ತಿತ್ತು. ಏಳನೆಯ ತರಗತಿಯ ಶರಣ್ಯಾ ಮೇಣದ ಬಣ್ಣದಲ್ಲಿ ತನ್ನಪ್ಪನನ್ನು ಬರೆದಿದ್ದಳು. ಮಧ್ಯಾಹ್ನದ ಗಿರಾಕಿ ಮುಗಿದ ಹೊತ್ತು, ಹೋಟೆಲಿನ ಹಿಂದಿನ ಕೋಣೆ, ಅಕ್ಕಿ ಮೂಟೆಗಳ ಮೇಲೆ ಬಾಯಿ ತೆರೆದು ನಿದ್ದೆಹೋದ ಹರಿಶ್ಚಂದ್ರ. ಬನಿಯನ್ನಿನ ಹೆಗಲಲ್ಲಿ ದೊಡ್ಡ ತೂತು. ಚಿತ್ರಕಲೆಯ ಮಾಸ್ತರನಾದ ಮೇಲೆ ಇಷ್ಟು ಜೀವವಿದ್ದ ಚಿತ್ರ ಸಿದ್ದಾರೂಢನ ಕಣ್ಣಿಗೆ ಬಿದ್ದಿರಲಿಲ್ಲ.

ಆದರೆ ನಾಳೆ ಪ್ರದರ್ಶನ. ಪುಣೆಯ ಶಾಲೆಗಳಿಗೆ ಇದು ಪ್ರವೇಶದ ಕಾಲ. ಚಿತ್ರ ನೋಡುವ ನೆಪದಲ್ಲಿ ಹೊಸ ಪಾಲಕರು ಶಾಲೆ ನೋಡಲು ಬರುತ್ತಾರೆ. ಪ್ರಿನ್ಸಿಪಾಲ್ ಮೇಡಂ ಈ ಚಿತ್ರದೆದುರು ಮೂಗು ಮುರಿದು, "ಸರ್, ಜರಾ ಛಾನ್ ಕರಾ ನಾ," ಎಂದಿದ್ದರು. ಸ್ವಲ್ಪ ಚೆಂದ ಮಾಡುವ ಈ ಕೆಲಸ ಪ್ರತಿ ವರ್ಷದ್ದು. ಮಕ್ಕಳು ಬರೆಯುವುದು, ಮಾಸ್ತರ ತಿದ್ದುವುದು, ಪಾಲಕರು ಚಪ್ಪಾಳೆ ತಟ್ಟುವುದು. ಇದಕ್ಕೆ ಕಲಾಶಿಕ್ಷಣವೆಂದು ಹೆಸರು, ಥೂ! ಮೇಣದ ಮೇಲೆ ನೀರಿನ ಬಣ್ಣ ನಿಲ್ಲದೆಂದು ಗೊತ್ತಿದ್ದೂ ಅವನು ದಪ್ಪಗೆ ಬಳಿದ. ಒಂದು ದಿನ ನಿಂತರಾಯಿತು. ಮೂಟೆಗಳ ಮೇಲೆ ಹೂವಿನ ಚಾದರ ಹಾಸಿದ, ತೆರೆದ ಬಾಯಿ ಮುಚ್ಚಿಸಿದ.

ಮರುದಿನ ಅದಕ್ಕೇ ಮೊದಲ ಬಹುಮಾನ. ಇಸ್ತ್ರಿ ಅಂಗಿ ತೊಟ್ಟು ಬಂದ ಹರಿಶ್ಚಂದ್ರ ಮುಖ ಅರಳಿಸಿ ನಿಂತ.

"ಭಾರೀ ಚಂದ ಉಂಟು ಮಾರಾಯ್ರೆ! ಇದು ಯಾರು ಮಗಾ? ಯಾರೋ ಧಣಿಗಳ ಹಾಗೆ ಉಂಟಲ್ಲ?"

ಶರಣ್ಯಾ ಬಹುಮಾನದ ಕಪ್ಪನ್ನು ತಂದು ಮಾಸ್ತರನ ಕೈಗಿಟ್ಟಳು.

"ಇದು ನಿಮಗೆ ಬಂದದ್ದು ಸರ್. ಮೇಲಿನದ್ದು ನಿಮ್ಮದು. ನಂದು ಅಡಿಯಲ್ಲಿ ಉಂಟು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಅತ್ತ ಪ್ರಿನ್ಸಿಪಾಲ್ ಮೇಡಂ ಹೊಸ ಪಾಲಕರಿಗೆ ಗೋಡೆ ತೋರಿಸುತ್ತ ಇತ್ತಲೇ ಬರುತ್ತಿದ್ದರು. ಅವನು ಕರವಸ್ತ್ರಕ್ಕೆ ಬಾಟಲಿಯ ನೀರು ಸುರಿದು ಹುಡುಗಿಗೆ ಕೊಟ್ಟ.

"ಒರಸವ್ವಾ."

"ಅವರು ಬೈಯುದಿಲ್ವಾ ಸರ್?"

"ಬೈತಾರ. ನನಗ ಬೈತಾರ. ನೀ ಒರಸು."

ಅವಳು ಒರಸಿದಳು. ಬಿಳಿ ಅಂಗಿ ಕರಗಿ ಗೋಡೆಗುಂಟ ಇಳಿಯಿತು. ಹೂವಿನ ಚಾದರ ಹೋಗಿ ಮೂಟೆಗಳು ಬಂದವು, ಬಾಯಿ ತೆರೆಯಿತು. ಹರಿಶ್ಚಂದ್ರನ ನಗು ನಿಂತುಹೋಯಿತು. ಅವನು ಹತ್ತಿರ ಬಾಗಿ ಬಹಳ ಹೊತ್ತು ನೋಡಿದ. ಆಮೇಲೆ ಅವನ ಬೆರಳು ಮೆಲ್ಲಗೆ ಇಸ್ತ್ರಿ ಅಂಗಿಯ ಕಾಲರಿನೊಳಗೆ ಇಳಿದು, ಬನಿಯನ್ನಿನ ಹೆಗಲಿನ ತೂತನ್ನು ಮುಟ್ಟಿತು.