ಗೋದಾಮಿನ ಕಿಂಡಿ

“ಹನ್ನೊಂದು ದಿನದಿಂದ ನನ್ನ ಡೈರಿಗೇ ಮುಚ್ಚಿಟ್ಟುಕೊಂಡು ಬರೆಯುತ್ತಿದ್ದೇನೆ. ಏನು ನೋಡಿದೆ ಅಂತ ಬರೆಯುತ್ತೇನೆ, ಎಲ್ಲಿ ಅಂತ ಬರೆಯುವುದಿಲ್ಲ. ಟ್ರಂಕಿನೊಳಗೆ ಬೀಗ ಹಾಕಿಟ್ಟ ಪುಸ್ತಕಕ್ಕೂ ಹೆದರುವ ನಾನು ಭಾನುವಾರ ಅಷ್ಟು ಜನರ ಮುಂದೆ ಏನು ಮಾಡಲಿ?”

ಇಷ್ಟು ಬರೆದು ಚಿನ್ಮಯಿ ಪೆನ್ನಿಗೆ ಮುಚ್ಚಳ ಹಾಕಿದಳು. ಅದು ಎರಡು ಸಾವಿರದ ನಾಲ್ಕನೆಯ ಇಸವಿಯ ಜನವರಿ. ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿ ಒಂದೂವರೆ ವರ್ಷವಾಗಿತ್ತು. ಮಧ್ಯಾಹ್ನ ಅಪ್ಪ ರಾಘವೇಂದ್ರ ರಾಯರು ಊಟ ಮಾಡಿ ಅಡ್ಡಾಗುವ ಹೊತ್ತಿಗೆ ಅವಳು ಕೆಳಗೆ ಹೋಗಿ ಹೋಟೆಲಿನ ಗಲ್ಲಾದಲ್ಲಿ ಕೂರುವಳು. ತಮಿಳರ ಬಂದರು ನಗರದ ಪ್ಯಾರೀಸ್ ಕಾರ್ನರಿನ ಒಂದು ಅಡ್ಡ ಓಣಿಯಲ್ಲಿ ಅವಳ ಅಜ್ಜ ಉಡುಪಿಯ ಕಡೆಯಿಂದ ಬಂದು ಹಾಕಿದ ಹೋಟೆಲು ಅದು. ಮೇಲೆ ಮನೆ, ಕೆಳಗೆ ಹೋಟೆಲು, ಬೆನ್ನಿಗೆ ಅಂಟಿಕೊಂಡಂತೆ ಯಾವುದೋ ಕಾಲದ ಹಡಗು ಕಂಪೆನಿಯ ಪಾಳು ಗೋದಾಮು. ಆ ಗೋದಾಮಿನ ಗೋಡೆಯ ಎತ್ತರದಲ್ಲಿ ಒಂದು ದುಂಡನೆಯ ಗಾಳಿಕಿಂಡಿ. ಅದರ ಎರಡು ಹಲಗೆ ಉದುರಿಹೋಗಿ ಎಷ್ಟು ಮಳೆಗಾಲವಾಗಿತ್ತೋ.

ಹನ್ನೊಂದು ದಿನದ ಹಿಂದೆ, ಸಂಜೆ ದೀಪ ಹಚ್ಚುವ ಹೊತ್ತು, ಒಣಗಿದ ಸಂಡಿಗೆ ತರಲು ಅವಳು ತಾರಸಿಗೆ ಹೋಗಿದ್ದಳು. ಕೆಳಗೆ ಓಣಿಯಲ್ಲಿ ಕೈಗಾಡಿಯವರ ಕೂಗಾಟ, ದೂರದಲ್ಲಿ ಬಸ್ಸುಗಳ ಹಾರನ್ನು, ಬಂದರಿನ ಕಡೆಯಿಂದ ಒಂದು ಹಡಗಿನ ಉದ್ದನೆಯ ಕೂಗು. ಆ ಗದ್ದಲದ ನಡುವೆ ಕಿಂಡಿಯೊಳಗಿನಿಂದ ಒಂದು ಬಿಳುಪು ಹೊರಗೆ ಬಂದಿತು. ಬಂದಿತು ಅನ್ನುವುದಕ್ಕಿಂತ, ಇಲ್ಲದ ಕಡೆ ಇದ್ದಕ್ಕಿದ್ದಂತೆ ಇತ್ತು. ಹಲಗೆಯ ಅಂಚಿನಲ್ಲಿ ಕುಳಿತು ಅವಳನ್ನೇ ನೋಡಿತು. ವೀಳ್ಯದೆಲೆಯ ಆಕಾರದ ಬಿಳಿ ಮುಖ, ಅದರಲ್ಲಿ ಎರಡು ಕಪ್ಪು ಕಣ್ಣು. ಕಣಜ ಗೂಬೆ ಎಂದು ಅವಳ ಬುದ್ಧಿ ಹೇಳಿತು. ಕಾಲು ಮಾತ್ರ ಅಲ್ಲೇ ನೆಟ್ಟುಹೋಯಿತು. ಆಮೇಲೆ ಅದು ರೆಕ್ಕೆ ಬಿಚ್ಚಿ ಅವಳ ತಲೆಯ ಮೇಲೆ ಒಂದು ಮೊಳದ ಎತ್ತರದಲ್ಲಿ ಹಾದುಹೋಯಿತು. ಸದ್ದೇ ಇಲ್ಲ. ಗಾಳಿಯೂ ಅಲುಗಲಿಲ್ಲ. ಪಕ್ಕದ ಹಗ್ಗದಲ್ಲಿದ್ದ ಅಮ್ಮನ ಸೀರೆಯ ಸೆರಗು ಇದ್ದ ಹಾಗೇ ಇತ್ತು.

ಸಂಡಿಗೆಯ ಮೊರ ಹಿಡಿದುಕೊಂಡು ಅವಳು ಎಷ್ಟು ಹೊತ್ತು ನಿಂತಳೋ. ಗೂಬೆ ಮರಳಿ ಬಂದಾಗ ಕಾಲಿನಲ್ಲಿ ಒಂದು ಇಲಿ ಇತ್ತು. ಆಗ ಕಿಂಡಿಯಲ್ಲಿ ಮೂರು ಮುಖಗಳು ಮೂಡಿದವು. ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದ ಲೋಟಗಳ ಹಾಗೆ ದೊಡ್ಡದು, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು. ಮೂರೂ ಒಟ್ಟಿಗೆ ತಲೆಯನ್ನು ಸುತ್ತ ತೂಗುತ್ತ, ‘ಶ್ಶ್ಶ್’ ಎಂದು ಹಬೆ ಬಿಟ್ಟಂತೆ ಸದ್ದು ಮಾಡಿದವು. ಚಿನ್ಮಯಿಗೆ ಆ ಸದ್ದು ಗೊತ್ತಿತ್ತು. ಎರಡು ವಾರದಿಂದ ಮೇಲಿನ ಕೋಣೆಯಲ್ಲಿ ಕುಳಿತು ಅದನ್ನು ಕೇಳುತ್ತಿದ್ದಳು. ಕೆಳಗಿನ ಕಾಫಿ ಬಾಯ್ಲರು ಅಂದುಕೊಂಡಿದ್ದಳು.

ಅಷ್ಟರಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗಲ್ಲಾದ ಮೇಲೆ ಪುಸ್ತಕವಿತ್ತು.

ಅವಳು ಸೇರಿದ್ದ ಪಕ್ಷಿವೀಕ್ಷಕರ ಬಳಗಕ್ಕೆ ಸ್ವಂತ ಜಾಗ ಇರಲಿಲ್ಲ. ತಿಂಗಳಿಗೊಂದು ಭಾನುವಾರ ಸಂಜೆ ಇದೇ ಹೋಟೆಲಿನ ಹಿಂದಿನ ಫ್ಯಾಮಿಲಿ ರೂಮಿನಲ್ಲಿ ಸೇರಿ, ಗೋಳಿಬಜೆ ತಿಂದು, ಕಂಡ ಹಕ್ಕಿಗಳ ದಾಖಲೆ ಓದುತ್ತಿದ್ದರು. ಯಾರು ಯಾವಾಗ ಬಂದರೂ ಬರೆಯಲಿ ಎಂದು ದಾಖಲೆ ಪುಸ್ತಕ ಗಲ್ಲಾದ ಮೇಲೇ ಇರುತ್ತಿತ್ತು. ಹಕ್ಕಿ, ಸಂಖ್ಯೆ, ಸ್ಥಳ, ಹೊತ್ತು, ನೋಡಿದವರು, ಹೀಗೆ ಐದು ಕಾಲಮ್ಮು. ಅಕ್ಷರ ಮುತ್ತಿನ ಹಾಗಿದೆ ಎಂದು ಅದನ್ನು ನೋಡಿಕೊಳ್ಳುವ ಕೆಲಸ ಚಿನ್ಮಯಿಯ ಪಾಲಿಗೆ ಬಂದಿತ್ತು. ಬಳಗದ ಹಿರಿಯರು ಹರಿಹರ ಅವರು, ಬ್ಯಾಂಕಿನಿಂದ ನಿವೃತ್ತರಾದವರು. “ಸ್ಥಳ ಇಲ್ಲದ ದಾಖಲೆ ದಾಖಲೆನೇ ಅಲ್ಲ ಕಣಮ್ಮ, ಬರೀ ಗಾಳಿಮಾತು” ಎಂದು ಅವರು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು.

ಗೂಬೆ ಕಂಡ ಮರುದಿನ ಗಲ್ಲಾದಲ್ಲಿ ಕೂತಾಗ ಅವಳ ಕೈ ತಡೆಯಲಿಲ್ಲ. ‘ಕಣಜ ಗೂಬೆ, ಗೂಡು, ಮೂರು ಮರಿ’ ಎಂದು ಶಾಯಿಯಲ್ಲಿ ಬರೆದಳು. ಕೊನೆಯ ಕಾಲಮ್ಮಿನಲ್ಲಿ ತನ್ನ ಹೆಸರು ಬರೆಯುವಾಗ ಒಳಗೊಳಗೇ ಹಿಗ್ಗಾಯಿತು. ಬಿಟ್ಟಿದ್ದ ಸ್ಥಳದ ಕಾಲಮ್ಮಿಗೆ ಪೆನ್ನು ಮರಳಿದಾಗ ಹಿಗ್ಗು ಇಳಿಯಿತು. ಅಲ್ಲಿ ಖಾಲಿ ಬಿಟ್ಟಳು. ಎರಡು ದಿನ ಬಿಟ್ಟು ಕಾಫಿಗೆ ಬಂದ ಹರಿಹರ ಅವರು ಆ ಖಾಲಿಯಲ್ಲಿ ಪೆನ್ಸಿಲಿನಿಂದ ಒಂದು ದೊಡ್ಡ ಪ್ರಶ್ನೆ ಚಿಹ್ನೆ ಹಾಕಿ ಹೋಗಿದ್ದರು. ಸುದ್ದಿ ಅಜಿತನಿಗೂ ಮುಟ್ಟಿತ್ತು. ಅಜಿತ್ ವಿಮಾ ಕಚೇರಿಯಲ್ಲಿದ್ದ ಹುಡುಗ. ಹೊಸ ಕ್ಯಾಮೆರಾ, ಅದಕ್ಕೊಂದು ತೋಳುದ್ದದ ಲೆನ್ಸು, ತಲೆಯ ಮೇಲೆ ಫ್ಲ್ಯಾಶು. ಮಿಂಚಂಚೆಯಲ್ಲಿ ಇನ್ನೂರು ಜನರಿಗೆ ಚಿತ್ರ ಕಳಿಸುವವನು.

ಅವಳು ಖಾಲಿ ಬಿಟ್ಟದ್ದು ಅಜಿತನಿಗೆ ಹೆದರಿ ಅಲ್ಲ. ಹಿಂದಿನ ವರ್ಷ ಇದೇ ಪುಸ್ತಕದಲ್ಲಿ ಅವಳು ಇನ್ನೊಂದು ಗೂಡು ಬರೆದಿದ್ದಳು. ಒಂದು ಹಳೆಯ ಕಾಲೇಜಿನ ಅಂಗಳದ ಮಳೆಮರದ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ, ಅಂಗೈಯಷ್ಟಿನ ಗೂಬೆಗಳು. ಅದಾಗಿ ಒಂದು ವಾರಕ್ಕೆ ಹೋಗಿ ನೋಡಿದರೆ ಪೊಟರೆಯ ಬಾಯನ್ನು ಯಾರೋ ಮಚ್ಚಿನಿಂದ ಕೊಚ್ಚಿ ಅಗಲ ಮಾಡಿದ್ದರು. ಹಸಿ ಮರದ ಚಕ್ಕೆ ಕೆಳಗೆ ಚೆಲ್ಲಿತ್ತು. ಎರಡು ದಿನಕ್ಕೆ ಅಮಾವಾಸ್ಯೆ. ಮಾಟ ಮಾಡುವವರು ಬಲಿಗೆ ಹಿಡಿದಿರಬೇಕು, ಕಾಲೇಜಿನ ತೋಟದವನೇ ತೋರಿಸಿರಬೇಕು ಎಂದು ಬಳಗದವರು ಮಾತಾಡಿಕೊಂಡರು. ಚಿನ್ಮಯಿ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು. ಆ ಸಂಜೆಯ ಪುಟಗಳು ಅವಳ ಡೈರಿಯಲ್ಲಿ ಇಲ್ಲ, ಹರಿದು ಹಾಕಿದ್ದಾಳೆ.

ಶನಿವಾರ ಮಧ್ಯಾಹ್ನ, ಗಿರಾಕಿ ಕಡಿಮೆಯಾದ ಹೊತ್ತು, ಐತಪ್ಪ ಅವಳ ಮುಂದೆ ಕಾಫಿ ತಂದಿಟ್ಟ. ಅಜ್ಜನ ಕಾಲದಿಂದಲೂ ಬಾಯ್ಲರಿನ ಮುಂದೆ ನಿಂತವನು, ಪುತ್ತೂರಿನ ಕಡೆಯವನು.

“ಎಂತ ಮಗಾ, ಮುಖ ಹಳಸಿದ ಹಿಟ್ಟಿನ ಹಾಗೆ ಉಂಟಲ್ಲ?”

“ಏನಿಲ್ಲ ಐತಪ್ಪಣ್ಣ.”

“ಏನಿಲ್ಲ ಅಂತ ಹೇಳ್ಲಿಕ್ಕೂ ನಿನಗೆ ಅರ್ಧ ಗಂಟೆ ಬೇಕು.” ಅವನು ಗಲ್ಲಾಕ್ಕೆ ಒರಗಿ ದನಿ ತಗ್ಗಿಸಿದ. “ಆ ಮಕ್ಕಳು ಎಷ್ಟು? ಎರಡಾ, ಮೂರಾ?”

ಚಿನ್ಮಯಿ ಕಾಫಿಯನ್ನು ಪಕ್ಕಕ್ಕೆ ಸರಿಸಿ, ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದಳು.

“ನಲವತ್ತು ವರ್ಷ ಆಯ್ತು ಮಾರಾಯ್ತಿ, ನನ್ನ ಬಾಯ್ಲರು ಹೇಗೆ ಉಸಿರು ಬಿಡ್ತದೆ ಅಂತ ನನಗೆ ಗೊತ್ತಿಲ್ವಾ? ಮೊನ್ನೆ ಒಲೆ ಆರಿಸಿ ಬೂದಿ ತೆಗೀತಾ ಇದ್ದೆ, ಆಗಲೂ ‘ಶ್ಶ್ಶ್’ ಅಂತ ಕೇಳ್ತು. ಮತ್ತೆ ಮೂರು ತಿಂಗಳಿಂದ ಅಕ್ಕಿ ಮೂಟೆಗೆ ಇಲಿ ಬಾಯಿ ಹಾಕ್ಲಿಲ್ಲ. ನಿನ್ನ ಅಪ್ಪ ತಾನು ಹಾಕಿದ ಪಾಷಾಣ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಾರೆ. ತಿರುಗಲಿ ಬಿಡು. ಮನೆಯ ಬೆನ್ನಿಗೆ ಗೂಬೆ ಕೂತಿದೆ ಅಂತ ಗೊತ್ತಾದ್ರೆ ನಾಳೆಯೇ ಕಿಂಡಿಗೆ ತಗಡು ಹೊಡೆಸ್ತಾರೆ.”

“ನೀವು ಯಾರಿಗೂ ಹೇಳ್ಲಿಲ್ವಾ?”

“ಎಂತಕ್ಕೆ ಹೇಳುದು? ಬಾಣಂತಿ ಕೋಣೆ ಅದು.”

ಚಿನ್ಮಯಿ ಪುಸ್ತಕ ತೆರೆದು ಪೆನ್ಸಿಲಿನ ಪ್ರಶ್ನೆ ಚಿಹ್ನೆ ತೋರಿಸಿದಳು. ಐತಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಗಿಂಡಿ ಕಾಡು ಅಂತ ಬರೆ. ಅಷ್ಟು ದೊಡ್ಡ ಕಾಡಿನಲ್ಲಿ ಯಾರು ಹುಡುಕ್ತಾರೆ? ನಿನ್ನ ಹಕ್ಕಿಯೂ ಉಳೀತು, ಸಾರ್ ಬಾಯಿಯೂ ಮುಚ್ಚಿತು.”

ಅದು ಎಷ್ಟು ಸುಲಭವಾಗಿತ್ತು. ರಾತ್ರಿ ಡೈರಿಯಲ್ಲಿ ‘ಗಿಂಡಿ’ ಎಂದು ಬರೆದು ನೋಡಿದಳು. ಅಕ್ಷರ ಮುತ್ತಿನ ಹಾಗೇ ಇತ್ತು. ಕೆಳಗೆ ಇನ್ನೊಂದು ಸಾಲು ಬರೆದಳು: “ಸುಳ್ಳು ಹೇಳಿದರೆ ಗೂಬೆ ಉಳಿಯುತ್ತದೆ. ಹೋದ ವರ್ಷದ್ದು ಮಾತ್ರ ಹಾಗೇ ನನ್ನೊಳಗೆ ಕೂತಿರುತ್ತದೆ.”

ಭಾನುವಾರ ಸಂಜೆ ಐದೂವರೆಗೆ ಫ್ಯಾಮಿಲಿ ರೂಮು ತುಂಬಿತು, ಹನ್ನೆರಡು ಮಂದಿ. ಆ ಕೋಣೆಯ ಹಿಂದಿನ ಗೋಡೆಗೂ ಗೋದಾಮಿಗೂ ಮಧ್ಯೆ ಒಂದು ಮಾರು ಅಂತರ. ಮೇಲೊಂದು ಸಣ್ಣ ಜಾಲರಿ. ಅದರಾಚೆ ಬೆಳಕು ಹಳದಿಗೆ ತಿರುಗುತ್ತಿತ್ತು. ಹರಿಹರ ಅವರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಪಳ್ಳಿಕರಣೆಯ ಜೌಗಿನಲ್ಲಿ ಕಂಡ ರಾಜಹಂಸಗಳಿಗೆ ಚಪ್ಪಾಳೆ ಬಿತ್ತು. ಚಿನ್ಮಯಿ ಮೂಲೆಯ ಕುರ್ಚಿಯಲ್ಲಿ ಕುಳಿತು ಕರ್ಚೀಫನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ಕಣಜ ಗೂಬೆ. ಗೂಡು. ಮೂರು ಮರಿ.” ಹರಿಹರ ಅವರು ತಲೆಯೆತ್ತಿದರು. “ನೋಡಿದವರು ನಮ್ಮ ಚಿನ್ಮಯಿ. ಸ್ಥಳ ಇಲ್ಲ. ಏನಮ್ಮ ಇದು? ಸಿಟಿಯಲ್ಲಿ ಗೂಡು ಸಿಕ್ಕೋದೇ ಅಪರೂಪ. ಬಾ, ಬರಿ.” ಪುಸ್ತಕವನ್ನು ಮೇಜಿನುದ್ದಕ್ಕೂ ತಳ್ಳಿ, ತಮ್ಮ ಪೆನ್ನನ್ನೂ ಕೊಟ್ಟರು.

“ಎನ್ನ ಚಿನ್ಮಯಿ, ಏನು ಸಸ್ಪೆನ್ಸಾ?” ಅಜಿತ್ ತಮಿಳು ಬೆರೆಸಿ ನಕ್ಕ. “ಸೊಲ್ಲು ಯಾ, ಹೇಳು. ಒಂದೇ ಒಂದು ಫ್ಲ್ಯಾಶು, ಎರಡು ನಿಮಿಷ. ಗೂಬೆಗೆ ತಾನು ಮಾಡೆಲ್ ಆದದ್ದೂ ಗೊತ್ತಾಗಲ್ಲ.”

ಎಲ್ಲರೂ ನಕ್ಕರು. ಆ ನಗು ಇಳಿಯುವಷ್ಟರಲ್ಲಿ ಜಾಲರಿಯಾಚೆಯಿಂದ ಕೇಳಿಸಿತು: ಶ್ಶ್ಶ್. ಉದ್ದಕ್ಕೆ, ಒಂದರ ಹಿಂದೆ ಒಂದು, ಮೂರು ಬಾರಿ. ತಾಯಿ ಹೊರಡುವ ಹೊತ್ತು.

“ಅದೇನು ಸೌಂಡು?” ಅಜಿತ್ ಕಿವಿಗೊಟ್ಟ.

ಅಡುಗೆಮನೆಯ ಬಾಗಿಲಲ್ಲಿ ಲೋಟದ ತಟ್ಟೆ ಹಿಡಿದು ನಿಂತಿದ್ದ ಐತಪ್ಪ ಒಂದು ಕ್ಷಣವೂ ತಡೆಯದೆ, “ಬಾಯ್ಲರು ಸಾರ್, ವಾಷರು ಹೋಗಿದೆ” ಎಂದ. ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ನಡೆದ. ಮರುಗಳಿಗೆಗೆ ಒಳಗಿನಿಂದ ಹಬೆ ಭುಸ್ಸೆಂದು ಹೊರನುಗ್ಗಿ ಜಾಲರಿಯ ಸದ್ದನ್ನು ನುಂಗಿತು. ಅಜಿತ್ ಗೋಳಿಬಜೆಯ ಕಡೆ ತಿರುಗಿದ.

ಚಿನ್ಮಯಿ ಪೆನ್ನು ಹಿಡಿದು ಮೇಜಿನ ಬಳಿ ನಿಂತಿದ್ದಳು. ಗಿಂಡಿ ಎಂದು ಬರೆದರೆ ಸಾಕು, ಎರಡಕ್ಷರ. ಜಾಲರಿಯ ತುಂಡು ಆಕಾಶದಲ್ಲಿ, ಉಳಿದವರೆಲ್ಲ ತಟ್ಟೆಗಳ ಮೇಲೆ ಬಾಗಿದ್ದಾಗ, ಒಂದು ಬಿಳುಪು ಹಾದುಹೋಯಿತು. ಅವಳೊಬ್ಬಳೇ ಕಂಡಳು. ಹನ್ನೆರಡು ಮಂದಿ, ಹನ್ನೆರಡು ದುರ್ಬೀನು, ಕೈಗೆ ಎಟಕುವಷ್ಟು ಹತ್ತಿರದಲ್ಲಿ ಆ ನಿಶ್ಶಬ್ದ. ಇಷ್ಟು ದೊಡ್ಡ ಹಕ್ಕಿ ಇಷ್ಟು ಜನರ ಹತ್ತಿರದಲ್ಲೇ ಹೆದರದೆ ಹಾರಬಲ್ಲುದಾದರೆ ತಾನು ಒಂದು ನಿಜವಾದ ಸಾಲನ್ನು ಆಡಬಾರದೇ?

ಅವಳು ಬಗ್ಗಿ ಸ್ಥಳದ ಕಾಲಮ್ಮಿನಲ್ಲಿ, ಪ್ರಶ್ನೆ ಚಿಹ್ನೆಯ ಮೇಲೆ, ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಳು. ಪೆನ್ನನ್ನು ಹರಿಹರ ಅವರ ಮುಂದೆ ಇಟ್ಟಳು.

“ಏನಮ್ಮ, ಅಡ್ಡಗೆರೆ ಎಳೆದುಬಿಟ್ಟೆ?” ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. “ಹದಿನೆಂಟು ವರ್ಷದ ಪುಸ್ತಕ ಇದು. ಯಾರೂ ಹೀಗೆ ಮಾಡಿಲ್ಲ.”

“ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವಾ?” ಎಂದ ಅಜಿತ್. ಈಗ ಅವನು ನಗುತ್ತಿರಲಿಲ್ಲ.

ಒಳಗೆ ಐತಪ್ಪ ಹಬೆಯನ್ನು ನಿಲ್ಲಿಸಿದ. ಮರಿಗಳೂ ಸುಮ್ಮನಿದ್ದವು. ಚಿನ್ಮಯಿಗೆ ತನ್ನ ದನಿ ಮೊದಲು ಬೇರೆ ಯಾರದೋ ಅನ್ನಿಸಿತು.

“ನಿಮ್ಮ ಮೇಲೆ ಅಲ್ಲ. ನನ್ನ ಮೇಲೆ ನನಗೆ ನಂಬಿಕೆ ಇಲ್ಲ.” ಕರ್ಚೀಫು ಕೆಳಗೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. “ಹೋದ ವರ್ಷ ಗಲ್ಲಾದ ಹತ್ರ ಒಬ್ಬ ಬಂದ. ಈ ಪುಸ್ತಕ ತಿರುವಿ ಹಾಕಿ, ‘ಎಂದ ಮರಂಮಾ?’, ಯಾವ ಮರ ಅಂತ, ತುಂಬ ಮೆತ್ತಗೆ ಕೇಳಿದ. ಅಲ್ಲಿವರೆಗೆ ನನ್ನ ಹತ್ರ ಯಾರೂ ಹಕ್ಕಿ ಬಗ್ಗೆ ಹಾಗೆ ಕೂತು ಕೇಳಿರಲಿಲ್ಲ. ನನಗೆ ಖುಷಿಯಾಯ್ತು. ತೋಟದವನು ಏನೂ ಮಾಡಿಲ್ಲ ಸರ್. ಹಾಲಕ್ಕಿ ಗೂಡಿಗೆ ದಾರಿ ಬರೆದುಕೊಟ್ಟದ್ದು ನಾನು, ನಮ್ಮ ಹೋಟೆಲಿನ ಬಿಲ್ಲಿನ ಹಿಂದೆ, ಮರದ ಚಿತ್ರ ಸಮೇತ.”