ಬೆಂಡಿನ ದಪ್ಪ

2024ರ ಫೆಬ್ರವರಿ 11, ಭಾನುವಾರ, ಬೆಳಗ್ಗೆ ಆರು ನಲವತ್ತು. ವಿರೂಪಾಕ್ಷಿಪುರದಾಚೆಯ ಕೆರೆ ಏರಿಯ ಕಲ್ಲುಗಳ ಮೇಲೆ ಕೂತು ಗಾಳ ಹಾಕಿ ಐದು ನಿಮಿಷವೂ ಆಗಿರಲಿಲ್ಲ, ರಸೂಲ್ ಕೇಳಿದ:

"ಬೆಂಡು ಕಾಣ್ತಾ ಐತೇನ್ಲಾ?"

"ಕಾಣ್ದೆ ಏನು? ಕುಂಬಳಕಾಯಿ ತೇಲಿಬುಟ್ಟಂಗೈತೆ," ಅಂದ ಅಶ್ವಥ್.

ರಸೂಲ್ ನಕ್ಕು ಬೀಡಿ ಹಚ್ಚಿದ. ಅಶ್ವಥ್ ಮನಸ್ಸಿನಲ್ಲೇ ಎಣಿಸಿಕೊಂಡ. ವರ್ಷ ಶುರುವಾದ ಮೇಲೆ ಈ ಪ್ರಶ್ನೆ ಇದು ಆರನೆಯ ಸಲ.

ಇಬ್ಬರಿಗೂ ಅರವತ್ತೇಳು. ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚು. ಆಮೇಲೆ ಅಶ್ವಥ್ ಮೈಸೂರಿಗೆ ಹೋಗಿ ಬಿ.ಎಸ್ಸಿ. ಓದಿ ಬಂದು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ. ರಸೂಲ್ ಚನ್ನಪಟ್ಟಣದ ಮನೆಯ ಮುಂದಿನ ಕೋಣೆಯಲ್ಲೇ ಲೇತ್ ಹಾಕಿಕೊಂಡು ಬೊಂಬೆ ಕಡೆದ. ಅಶ್ವಥ್ ರಿಟೈರ್ ಆದ ವರ್ಷದಿಂದ ಭಾನುವಾರ ತಪ್ಪಿದ್ದು ಕಮ್ಮಿ. ಮೀನು ಸಿಕ್ಕರೆ ಸಾರು, ಸಿಗದಿದ್ದರೆ ಫ್ಲಾಸ್ಕಿನ ಟೀ. ಒಂದೊಂದು ದಿನ ಗಂಟೆಗಟ್ಟಲೆ ಮಾತೇ ಇರುತ್ತಿರಲಿಲ್ಲ, ಅದಕ್ಕೇ ಹೋಗುತ್ತಿದ್ದರೇನೋ.

ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡು ರಸೂಲನ ಕೈಕೆಲಸ. ಹಾಲೆಮರ ಕಡೆದು, ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಅರಗು ಹತ್ತಿಸಿ, ತಾಳೆಗರಿಯಲ್ಲಿ ಹೊಳಪು ಕೊಡುತ್ತಿದ್ದ. ವರ್ಷಕ್ಕೊಂದು ಜೋಡಿ, ನಿನಗೊಂದು ನನಗೊಂದು. "ಲೇತ್ ನಿಂತ ದಿನ ನನ್ನ ಕೈನೂ ನಿಂತಂಗೇ ಕಣ್ಲಾ," ಅನ್ನುತ್ತಿದ್ದ ಆಗಾಗ.

ಅವತ್ತು ಮಧ್ಯಾಹ್ನ ಅಶ್ವಥ್ ಹಳೆಯ ಬೆಂಡುಗಳ ಡಬ್ಬಿ ತೆಗೆದ. ಸ್ಕೂಲಿನಿಂದ ತಂದಿಟ್ಟುಕೊಂಡಿದ್ದ ವರ್ನಿಯರ್ ಕ್ಯಾಲಿಪರಿನಲ್ಲಿ ಒಂದೊಂದನ್ನೇ ಅಳೆದ. ಅದರ ಗೆರೆಗಳು ಸವೆದುಹೋದಂತಿದ್ದವು. ಕಿಟಕಿ ಹತ್ತಿರ ಕೂತು ಭೂತಗನ್ನಡಿ ಹಿಡಿದು ಓದಿದ. ಮೊದಲನೆಯ ವರ್ಷದ್ದು 12.0 ಮಿಲಿಮೀಟರ್. 2022ರದ್ದು 15.2. ಹೋದ ವರ್ಷದ್ದು 18.1. ಈ ಸಲದ್ದು 21.4.

ಅನುಮಾನಕ್ಕೆ ಜಾಗವೇ ಇರಲಿಲ್ಲ. ರಸೂಲನ ಕಣ್ಣು ಮಂಜಾಗುತ್ತಿದೆ, ತನಗೆ ಕಾಣಲಿ ಅಂತ ಬೆಂಡು ದಪ್ಪ ಮಾಡುತ್ತಿದ್ದಾನೆ, ಆದರೂ ಕಾಣದೆ ಪಕ್ಕದವನನ್ನು ಕೇಳುತ್ತಾನೆ. ಇಷ್ಟು ದಪ್ಪದ ಬೆಂಡನ್ನು ಸಣ್ಣ ಜಿಲೇಬಿ ಮೀನು ನೀರೊಳಕ್ಕೆ ಎಳೆಯಲಾರದು. ಎರಡು ವರ್ಷದಿಂದ ಮೀನು ಕಮ್ಮಿಯಾದದ್ದಕ್ಕೂ ಕಾರಣ ಸಿಕ್ಕಿತು. ಗೆಳೆಯನ ಕಣ್ಣು ಹೋಗುತ್ತಿದೆ ಅನ್ನುವ ಸಂಕಟಕ್ಕಿಂತ ಲೆಕ್ಕ ಕೂಡಿಬಂದ ಖುಷಿ ಒಂದು ಗುಲಗಂಜಿ ಹೆಚ್ಚೇ ಇತ್ತು. ಅದನ್ನು ಅವನು ಬಹಳ ತಡವಾಗಿ ಒಪ್ಪಿಕೊಂಡ.

ರಸೂಲನನ್ನೇ ಕೇಳಬಹುದಿತ್ತು. ಒಪ್ಪುವ ಆಸಾಮಿಯಲ್ಲ ಅಂತ ತಾನೇ ತೀರ್ಮಾನಿಸಿ ಅವನ ಮಗ ಅನೀಸನಿಗೆ ಹೇಳಿದ. "ಉಳಿ ಹಿಡಿಯೋ ಕೆಲಸ ಕಣಪ್ಪ. ಜೋಪಾನ." ಅಂಕಿಗಳನ್ನೂ ಬರೆದುಕೊಟ್ಟ. ಅಂಗಡಿ ಇಡಲು ಆ ಮುಂದಿನ ಕೋಣೆಯ ಮೇಲೆ ಅನೀಸನಿಗೆ ಕಣ್ಣಿದ್ದದ್ದು ಬೀದಿಗೆಲ್ಲ ಗೊತ್ತಿತ್ತು, ಅಶ್ವಥನಿಗೂ ಗೊತ್ತಿತ್ತು.

ಎರಡು ವಾರಕ್ಕೆ ಲೇತ್ ಟೆಂಪೋ ಹತ್ತಿತು. "ನಮ್ಮಪ್ಪಂಗೆ ಕಣ್ ಕಾಣಲ್ಲ. ಮೇಷ್ಟ್ರೇ ಅಳ್ದು ಹೇಳವ್ರೆ," ಅಂತ ಅನೀಸ್ ಕೇಳಿದವರಿಗೆಲ್ಲ ಚೀಟಿ ತೋರಿಸಿದ. ರಸೂಲನ ಹೆಂಡತಿ ರೋಶನ್ ಬೀ ಮಗನಿಗೆ ಅಡ್ಡ ನಿಂತು, "ಬೆಳಗ್ಗೆ ಸೂಜಿಗೆ ದಾರ ಪೋಣಿಸ್ಕೊಟ್ಟಿದ್ದೇ ಇವ್ರು ಕಣೋ," ಅಂದರಂತೆ. ಮೇಷ್ಟ್ರ ಅಳತೆಯ ಮುಂದೆ ಆಕೆಯ ಸೂಜಿ ಯಾವ ಲೆಕ್ಕ. ರಸೂಲ್ ಮಾತ್ರ ವಾದ ಮಾಡಲಿಲ್ಲ. ಚೀಟಿಯ ಕೈಬರಹ ನೋಡಿ, ಗುರುತು ಹಿಡಿದು, ಮಡಿಸಿ ವಾಪಸ್ಸು ಕೊಟ್ಟ.

ಆಮೇಲಿನ ಭಾನುವಾರಗಳಲ್ಲಿ ಅವನಿಗೆ ಮೊಣಕಾಲು ನೋವು. ಹಾಗಂತ ಹೇಳಿಕಳಿಸಿದ.

ಅಕ್ಟೋಬರಿನಲ್ಲಿ ಅಶ್ವಥ್ ಸ್ಕೂಟರನ್ನು ಹಾಡಹಗಲೇ ರಸ್ತೆಯ ಉಬ್ಬಿಗೆ ಏರಿಸಿ ಬಿದ್ದ. ರಾಮನಗರದಲ್ಲಿ ಕಣ್ಣಿನ ಡಾಕ್ಟರ್ ಸುಚಿತ್ರಾ ಎರಡೂ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು.

"ಎರಡರಲ್ಲೂ ಪೊರೆ ಬಂದಿದೆ. ಬಲಗಣ್ಣಿನದು ಚೆನ್ನಾಗಿ ಬಲಿತಿದೆ. ಮೂರು ವರ್ಷವಾದ್ರೂ ಆಗಿರ್ಬೇಕು. ಜೊತೆಗಿರೋರು ಯಾರೂ ಗಮನಿಸ್ಲಿಲ್ವಾ ಸಾರ್?"

ಹೆಂಡತಿ ಹೋಗಿ ಎಂಟು ವರ್ಷ, ಗಮನಿಸುವವರು ಯಾರಿದ್ದಾರೆ ಅನ್ನಲು ಬಾಯಿ ತೆರೆದವನಿಗೆ ರಸೂಲ್ ಭಾನುವಾರಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ನೆನಪಾಯಿತು.

ಎರಡೂ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಡಿಸೆಂಬರಿನಲ್ಲಿ ರಸೂಲನ ಮನೆಗೆ ಹೋದ. ಮುಂದಿನ ಕೋಣೆಯ ತುಂಬ ಮೊಬೈಲ್ ಕವರುಗಳು ತೂಗುತ್ತಿದ್ದವು. ರಸೂಲ್ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

"ನಿಂಗೊತ್ತಿತ್ತಾ?"

"ಹೂಂ."

"ಯಾವತ್ತಿಂದ್ಲಾ?"

"ಮೀನು ನಿನ್ ಗಾಳ ಎಳ್ಕೊಂಡು ಹೋಯ್ತಿದ್ರೂ ನೀನು ಟೀ ಊದ್ಕೊಂಡು ಕೂತಿದ್ಯಲ್ಲ, ಅವತ್ತಿಂದ."

"ಹೇಳ್ಬಾರ್ದಿತ್ತಾ?"

"ಊರ್ ಮಕ್ಳಿಗೆಲ್ಲ ಕಣ್ಣಿನ ಪಾಠ ಮಾಡ್ದೋನು ನೀನು. ನಿಂಗೆ ಕಣ್ ಹೋಗೈತೆ ಅಂತ ನಾನ್ ಹೆಂಗ್ಲಾ ಹೇಳದು? ಕೇಳ್ತಿದ್ನಲ್ಲ, ಕಾಣ್ತಾ ಐತಾ ಅಂತ. ಕಾಣ್ತದೆ ಅಂತಿದ್ದೆ ನೀನು. ಇನ್ನೊಸಿ ದಪ್ಪ ಮಾಡ್ತಿದ್ದೆ ನಾನು."

"ನಿನ್ನ ಬೆಂಡನ್ನ ಯಾಕೆ ದಪ್ಪ ಮಾಡ್ಕಂಡೆ?"

"ನಿಂದೊಂದೇ ದಪ್ಪ ಆಗಿದ್ರೆ ನೀನು ಅಳ್ದು ಕಂಡ್ ಹಿಡೀತಿದ್ದೆ."

ಅಶ್ವಥನಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ.

"ಅನೀಸಂಗೆ ಅವತ್ತೇ ಹೇಳಿದ್ರೆ ಲೇತ್ ಉಳೀತಿತ್ತಲ್ಲೋ."

"ಏನಂತ ಹೇಳ್ಲಿ? ಕಣ್ ಕಾಣ್ದೇ ಇರೋನು ನಾನಲ್ಲ, ಮೇಷ್ಟ್ರು ಅಂತ್ಲಾ?" ರಸೂಲ್ ಮೊದಲ ಸಲ ಮುಖ ಎತ್ತಿ ಅವನ ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದ. "ಚೆನ್ನಾಗ್ ಮಾಡವ್ರೆ. ಕೆಂಪಗೂ ಇಲ್ಲ."

"ಭಾನುವಾರ ಬತ್ತೀಯಾ?"

"ಈಗ ಕಾಣ್ತದಲ್ಲ. ಒಬ್ನೇ ಹೋಗ್ಬಾ."

ಕೋಪವಿದ್ದಿದ್ದರೆ ಅಶ್ವಥ್ ಹೇಗಾದರೂ ಸಮಾಧಾನ ಮಾಡುತ್ತಿದ್ದ. ದನಿಯಲ್ಲಿ ಅದೂ ಇರಲಿಲ್ಲ. ರೋಶನ್ ಬೀ ಟೀ ತಂದರು. ಒಂದೇ ಲೋಟ ಇತ್ತು.

ಭಾನುವಾರ ಅವನು ಒಬ್ಬನೇ ಹೋದ. ಪಕ್ಕದ ಕಲ್ಲು ಇಬ್ಬನಿಯಲ್ಲಿ ಒದ್ದೆಯಾಗಿತ್ತು. ದಪ್ಪ ಬೆಂಡು ದೂರದಲ್ಲಿ ತೇಲುತ್ತಿತ್ತು. ಅದರ ಕೆಂಪು ಮುಗಿದು ಹಳದಿ ಶುರುವಾಗುವ ಗೆರೆಯೂ ಕಾಣುತ್ತಿತ್ತು. ಸಣ್ಣ ಮೀನೊಂದು ಎಳೆದು ನೋಡಿತು. ಬೆಂಡು ವಾಲಿತು, ಮುಳುಗಲಿಲ್ಲ, ಮತ್ತೆ ನೆಟ್ಟಗಾಯಿತು.

ಮನೆಗೆ ಬಂದು ಅದನ್ನು ಒರೆಸಿ, ವರ್ನಿಯರಿನ ನಡುವೆ ಇಟ್ಟ. ಗೆರೆಗಳು ಸವೆದಿರಲಿಲ್ಲ. ಈ ಸಲ ಭೂತಗನ್ನಡಿ ಬೇಕಾಗಲಿಲ್ಲ. ಫೆಬ್ರವರಿಯ ಅಳತೆಯಲ್ಲಿ ತಪ್ಪೇನೂ ಇರಲಿಲ್ಲ: 21.4 ಮಿಲಿಮೀಟರ್.